ತಮ್ಮನ ಮಗಳಿಗೆ



ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಅಷ್ಟು ಉತ್ತಮವಾದ ಅಂಕಗಳನ್ನು ಪಡೆದ ನೀನು, ‘ಸೈನ್ಸು ಹೆಣ್ಣುಮಕ್ಕಳಿಗೆ ಕಷ್ಟ, ಕಾಮರ್ಸೇ ಸಾಕು’ ಎಂದು ಹತ್ತು ಜನ ಆಡಿದ ಮಾತನ್ನು ನಿನ್ನದೇ ಮಾತೆಂಬಂತೆ ಫೋನಿನಲ್ಲಿ ನನಗೆ ಒಪ್ಪಿಸಿದೆಯಲ್ಲ, ಅದನ್ನು ಕೇಳಿದಂದಿನಿಂದ ನನಗೆ ನೆಮ್ಮದಿಯಿಲ್ಲ. ವಾಣಿಜ್ಯಶಾಸ್ತ್ರವನ್ನು ಕೀಳೆಂದು ಬಗೆದವಳಲ್ಲ ನಾನು. ಇಷ್ಟಪಟ್ಟು ಓದುವವರಿಗೆ ಅದೂ ಘನವಾದ ವಿದ್ಯೆಯೇ. ಆದರೆ ನೀನು ಇಷ್ಟಪಟ್ಟದ್ದು ಅದನ್ನಲ್ಲ. ನಿಂತುಹೋದ ಮಿಕ್ಸಿಯನ್ನು ಬಿಚ್ಚಿ, ಸವೆದ ಕಾರ್ಬನ್ ಬ್ರಷ್ಷನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿದ ಹುಡುಗಿಯನ್ನು ನಾನು ಮರೆತಿಲ್ಲ.

ನಾನು ಪಿಯುಸಿ ಓದಿದ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾಲ್ವರಿಗೊಂದು ಬ್ಯೂರೆಟ್ಟು. ಅದರ ತಿರುಪನ್ನು ಹಿಡಿಯುವವರು ಹುಡುಗರು, ರೀಡಿಂಗ್ ಬರೆದುಕೊಳ್ಳುವವರು ನಾವು. ಹಾಗೆಂದು ಯಾರೂ ವಿಧಿಸಿರಲಿಲ್ಲ. ಆದರೂ ವರ್ಷವೆಲ್ಲ ಹಾಗೆಯೇ ನಡೆಯಿತು. ಒಂದು ಸಂಜೆ ಎಲ್ಲರೂ ಹೊರಟುಹೋದ ಮೇಲೆ, ‘ಬೇಗ ಮುಗಿಸಮ್ಮ’ ಎಂದು ಅಟೆಂಡರು ಬೀಗದಕೈ ಹಿಡಿದು ಬಾಗಿಲಲ್ಲಿ ಕಾದು ನಿಂತನು. ನಾನು ಎಡಗೈಯಲ್ಲಿ ತಿರುಪನ್ನೂ ಬಲಗೈಯಲ್ಲಿ ಫ್ಲಾಸ್ಕನ್ನೂ ಹಿಡಿದು ಕ್ಷಾರವನ್ನು ಹನಿಹನಿಯಾಗಿ ಬಿಡುತ್ತ ಹೋದಂತೆ, ಗುಲಾಬಿಯ ಛಾಯೆಯೊಂದು ಮೂಡುವುದು, ಕುಲುಕಿದೊಡನೆ ಮಾಯವಾಗುವುದು, ಹೀಗೆ ಎಷ್ಟೋ ಸಲವಾಗಿ, ಕೊನೆಗೆ ಒಂದೇ ಒಂದು ಹನಿಗೆ ಆ ಬಣ್ಣವು ಅಳಿಯದೆ ನಿಂತುಬಿಟ್ಟಿತು. ಫಿನಾಫ್ತಲೀನಿನ ಈ ಗುಣವನ್ನು ಪುಸ್ತಕದಲ್ಲಿ ಅದೆಷ್ಟು ಸಲ ಓದಿದ್ದೆನೋ. ನನ್ನ ಕೈಯಿಂದಲೇ ಆದುದನ್ನು ಕಂಡಾಗ ಮೈ ಜುಮ್ಮೆಂದಿತು.

ಮುಂದೆ ಇಂಜಿನಿಯರಿಂಗ್ ಸೀಟೂ ದೊರೆಯಿತು. ಮನೆಯಲ್ಲಿದ್ದ ಹಣ ಒಬ್ಬರ ಓದಿಗೆ ಸಾಲುವಷ್ಟು. ಅದು ಇನ್ನೂ ಹೈಸ್ಕೂಲಿನಲ್ಲಿದ್ದ ನಿನ್ನ ತಂದೆಗೆ ಮೀಸಲಾಯಿತು. ಅವನ ತಪ್ಪೇನೂ ಅಲ್ಲ, ಅವನಿನ್ನೂ ಹುಡುಗ. ತಪ್ಪು ನನ್ನದು. ‘ನನಗೇನೂ ಅದರ ಆಸೆಯಿಲ್ಲ’ ಎಂದು ತಂದೆಯವರ ಮುಂದೆ ನಾನಾಗಿಯೇ ಹೇಳಿದೆ. ಅಂದಿನ ಆ ಸುಳ್ಳನ್ನೇ ಮೊನ್ನೆ ನಿನ್ನ ಬಾಯಲ್ಲಿ ಕೇಳಿದೆ.

ನನ್ನಂತೆ ಸುಮ್ಮನಾಗದವರೂ ಇದ್ದಾರೆ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸಿದವರು ನೊಬೆಲ್ ಪುರಸ್ಕೃತರಾದ ಸಿ. ವಿ. ರಾಮನ್ನರು. ಆಕೆ ಹಿಂಜರಿಯದೆ ಅವರೊಡನೆ ವಾದಿಸಿ, ಹಠ ಹಿಡಿದು, ಒಂದು ವರ್ಷ ಪರೀಕ್ಷಾರ್ಥವಾಗಿರಬೇಕೆಂಬ ಷರತ್ತನ್ನು ನುಂಗಿಕೊಂಡು ಒಳಹೊಕ್ಕರು. 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟನ್ನೂ ಪಡೆದರು. ಅದೇ ಸಂಸ್ಥೆಯಲ್ಲಿ ನಮ್ಮ ಕನ್ನಡನಾಡಿನವರೇ ಆದ ರಾಜೇಶ್ವರಿ ಚಟರ್ಜಿಯವರು 1953ರಲ್ಲಿ ಅಧ್ಯಾಪಕಿಯಾಗಿ ಸೇರಿ, ಮೈಕ್ರೋವೇವ್ ಮತ್ತು ಆಂಟೆನಾ ವಿದ್ಯೆಯನ್ನು ದಶಕಗಳ ಕಾಲ ಬೋಧಿಸಿದರು. ರಾಮನ್ನರಂಥವರ ನಿರಾಕರಣೆಗೇ ಎದುರುನಿಂತವರಿದ್ದಾರೆ. ನೀನು ಪಕ್ಕದ ಮನೆಯವರ ಮಾತಿಗೆ ಬೆದರಿ, ಬಂದ ವಿದ್ಯೆಯನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವೆಯಾ? ನಾಚಿಕೆಯಾಗಬೇಕು!

ಕಠಿಣವಾಗಿ ಬರೆದೆ, ಮಗೂ, ಅಳಬೇಡ. ಅರ್ಜಿಗೆ ಕಡೆಯ ದಿನ ಯಾವುದೆಂಬುದನ್ನು ಇಂದೇ ತಿಳಿಸು. ಹಾಸ್ಟೆಲಿನ ಖರ್ಚಿಗೆ ನನ್ನ ಪೆನ್ಷನ್ ಇದೆ. ಭಾನುವಾರ ಬಂದು ನಿನ್ನ ತಂದೆಯೊಡನೆ ನಾನೇ ಮಾತಾಡುವೆನು. ಈ ಒಂದು ವಿಷಯದಲ್ಲಿ ಅವನು ನನ್ನ ಮಾತನ್ನು ತೆಗೆದುಹಾಕಲಾರನು.

ಇತಿ,
ನಿನ್ನ ಅತ್ತೆ