ಗಂಡುಮಗುವಿಗೆ ಅಪರೂಪದ ಹೆಸರು: ಹುಡುಕುವುದೆಲ್ಲಿ, ಬರೆಸುವುದು ಹೇಗೆ?

ಕಾರವಾರದ ಕೋಡಿಬಾಗದಲ್ಲಾಗಲಿ, ಅಂಕೋಲಾದ ಅವರ್ಸಾದಲ್ಲಾಗಲಿ, ಅಂಗನವಾಡಿಯ ಬಾಗಿಲಲ್ಲಿ ನಿಂತು ‘ಆರವ್’ ಎಂದು ಕರೆದರೆ ಇಬ್ಬರಾದರೂ ತಿರುಗಿ ನೋಡಿಯಾರು. ಊರಲ್ಲಿ ಯಾರಿಗೂ ಇಲ್ಲದ ಹೆಸರೆಂದೇ ಇಬ್ಬರ ಮನೆಯವರೂ ಇಟ್ಟಿರುತ್ತಾರೆ. ಎಲ್ಲರೂ ಮೊಬೈಲಿನಲ್ಲಿ ಅದೇ ಪಟ್ಟಿ ನೋಡಿದ ಮೇಲೆ ಇನ್ನೇನಾಗಬೇಕು? ಅಪರೂಪದ ಹೆಸರು ಬೇಕಾದವರು ಪಟ್ಟಿ ಮುಚ್ಚಿಟ್ಟು ಮನೆಯ ಹಿರಿಯರ ಹತ್ತಿರ ಕೂರಬೇಕು.

ಮೊದಲು ನಕ್ಷತ್ರದ ಅಕ್ಷರದ ಗಂಟು ಬಿಡಿಸಿಕೊಳ್ಳಿ. ಹಸ್ತ ನಕ್ಷತ್ರದ ನಾಲ್ಕು ಪಾದಗಳಿಗೆ ಪು, ಷ, ಣ, ಠ. ಮೂರನೇ ಪಾದದಲ್ಲಿ ಹುಟ್ಟಿದ ಮಗುವಿಗೆ ‘ಣ’ದಿಂದ ಹೆಸರು ಹುಡುಕಿ ಸೋತು, ಅರ್ಥವಿಲ್ಲದ್ದೊಂದನ್ನು ಕಟ್ಟಿ ಇಡುವವರಿದ್ದಾರೆ. ಅದರ ಅಗತ್ಯವೇ ಇಲ್ಲ. ಕೊಂಕಣಿ ಮನೆಗಳ ಬಾರ್ಸೊ ಇರಲಿ, ಉಳಿದವರ ನಾಮಕರಣವಿರಲಿ, ತಟ್ಟೆಯ ಅಕ್ಕಿಯ ಮೇಲೆ ಬರೆದು ಕಿವಿಯಲ್ಲಿ ಹೇಳುವ ನಕ್ಷತ್ರನಾಮ ಬೇರೆ, ಕರೆಯುವ ಹೆಸರು ಬೇರೆ ಇರಬಹುದು.

ಇನ್ನು ಹುಡುಕಾಟ. ಅಜ್ಜನ ಅಪ್ಪ, ಅವರ ಅಣ್ಣತಮ್ಮಂದಿರ ಹೆಸರು ಕೇಳಿ ಬರೆದುಕೊಳ್ಳಿ. ಯಾರಿಗೂ ನೆನಪಿಲ್ಲದಿದ್ದರೆ ಗದ್ದೆಯ ಹಳೆಯ ಉತಾರ ತೆಗೆಯಿರಿ. ದಿನಕರ ಎಂಬ ಹೆಸರನ್ನೇ ನೋಡಿ. ಚುಟುಕಗಳ ದಿನಕರ ದೇಸಾಯಿ (1909–1982) ಅಂಕೋಲಾದವರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಮಕ್ಕಳಿಗೆ ಶಾಲೆ ತೆರೆದವರು. ಆ ಶಾಲೆಗಳಲ್ಲಿ ಕಲಿತವರ ಮನೆಗಳಲ್ಲಿ ಇವತ್ತು ದಿನಕರ ಎಂಬ ಮಗು ಎಷ್ಟಿದ್ದೀತು? ಗೋಕರ್ಣದ ಗೌರೀಶ ಕಾಯ್ಕಿಣಿಯವರ ‘ಗೌರೀಶ’ ಶಿವನ ಹೆಸರು. ಕರೆಯಲು ಸುಲಭ, ಕೇಳಲು ಇಂಪು. ನಮ್ಮದೇ ಜಿಲ್ಲೆಯ ಬನವಾಸಿಯಿಂದ ಆಳಿದ ಕದಂಬರಲ್ಲಿ ಮಯೂರನನ್ನು ಸಿನಿಮಾದಿಂದ ಎಲ್ಲರೂ ಬಲ್ಲರು. ಅದೇ ವಂಶದಲ್ಲಿ ಮೃಗೇಶವರ್ಮನೂ ಇದ್ದ. ಊರ ದೇವರು ಬೊಮ್ಮಯ್ಯನ ಹೆಸರನ್ನು ಹಳತೆಂದು ಬಿಟ್ಟವರು ಇನ್ನೊಮ್ಮೆ ಯೋಚಿಸಲಿ ಎಂಬುದು ನನ್ನ ಆಸೆ.

ಪಟ್ಟಿಗಳು ಕೊಡುವ ಅರ್ಥ ನಂಬಬೇಡಿ. ರೇಯಾಂಶ್ ಎಂದರೆ ಒಂದು ಕಡೆ ಸೂರ್ಯಕಿರಣ, ಇನ್ನೊಂದು ಕಡೆ ವಿಷ್ಣುವಿನ ಅಂಶ. ಅಂಶ ಸರಿ, ‘ರೇ’ ಯಾವ ನಿಘಂಟಿನದು? 1894ರ ಕಿಟೆಲ್ ನಿಘಂಟು ಅಂತರ್ಜಾಲದಲ್ಲೇ ಸಿಗುತ್ತದೆ, ‘ಅಲರ್’ ನಿಘಂಟು ಉಚಿತವಾಗಿದೆ. ತೆರೆದು ನೋಡಿ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ. ನಮ್ಮ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿ 1956ರವರೆಗೆ ಅಲ್ಲೇ ಇತ್ತು. ಹಾಗಾಗಿ ‘ತ’ಕ್ಕೆ ನಾವು ಬರೀ ‘ಟಿ’ ಬರೆಯುವವರು, ಬೆಂಗಳೂರಿನ ಕಡೆಯವರು ‘ಟಿ’ ಜೊತೆಗೆ ‘ಎಚ್’ ಹಾಕುವವರು. ಜಯಂತ ಕಾಯ್ಕಿಣಿಯವರ ಹೆಸರು ಇಂಗ್ಲಿಷ್ ಪುಸ್ತಕದ ಮುಖಪುಟದಲ್ಲಿ ‘ಟಿ’ಗೆ ಮುಗಿಯುತ್ತದೆ, ಸಿನಿಮಾದವರು ‘ಎಚ್’ ಸೇರಿಸುತ್ತಾರೆ. ಅವರನ್ನು ನಾಡೇ ಬಲ್ಲದು, ತೊಂದರೆಯಿಲ್ಲ. ಪಾಸ್‌ಪೋರ್ಟ್ ಕಚೇರಿಯಲ್ಲಿ ನಿಮ್ಮ ಮಗನಿಗೆ ಆ ಸೌಲಭ್ಯ ಇರುವುದಿಲ್ಲ. ಮೃಗೇಶನ ‘ಮೃ’ ಇನ್ನೂ ತೊಡಕು: ಕಾರವಾರ, ಗೋವಾದ ಬಾಯಲ್ಲಿ ಅದು ‘ಮ್ರು’, ಉತ್ತರದವರ ಬಾಯಲ್ಲಿ ‘ಮ್ರಿ’. ರಾಜೇಶ ಎಂದರೆ ಯಾರಾದರೂ ಕಣ್ಣುಮುಚ್ಚಿ ಸರಿಯಾಗಿ ಬರೆಯುತ್ತಾರೆ. ಅಪರೂಪದ ಹೆಸರು ಪ್ರತಿ ಮೇಜಿನಲ್ಲೂ ಹೊಸದು. ಆಸ್ಪತ್ರೆಯಲ್ಲಿ ಕೇಳಿದಂತೆ ಬರೆದದ್ದು ಒಂದು, ಆಧಾರ್ ಕೇಂದ್ರದಲ್ಲಿ ಟೈಪಾದದ್ದು ಇನ್ನೊಂದು, ಶಾಲೆಗೆ ಸೇರಿಸುವಾಗ ಅಪ್ಪ ಬರೆದದ್ದು ಮತ್ತೊಂದು. ಗೊತ್ತಾಗುವುದು ಹತ್ತನೇ ತರಗತಿಯ ಅಂಕಪಟ್ಟಿ ಕೈಗೆ ಬಂದಾಗ. ಆಮೇಲೆ ಅಫಿಡವಿಟ್ಟು, ಅಲೆದಾಟ. ಸಂಖ್ಯಾಶಾಸ್ತ್ರದವರ ಮಾತು ಕೇಳಿ ನಡುವೆ ಎರಡು ‘ಎ’, ಕೊನೆಗೊಂದು ‘ಎಚ್’ ತುರುಕುವುದಂತೂ ಖಂಡಿತ ಬೇಡ.

ಇದಕ್ಕೆ ಮದ್ದು ಒಂದು ಹಾಳೆ. ಅದರಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರನ್ನೂ ಪೂರ್ತಿಯಾಗಿ ಕನ್ನಡದಲ್ಲಿ, ಇಂಗ್ಲಿಷ್ ದೊಡ್ಡಕ್ಷರದಲ್ಲಿ, ದೇವನಾಗರಿಯಲ್ಲಿ ಬರೆಯಿರಿ. ಇನಿಷಿಯಲ್ ಬೇಡ. ನಾಯಕ, ನಾಯ್ಕ, ಗಾಂವಕರ ಮುಂತಾದವನ್ನು ಅಪ್ಪನ ಆಧಾರಿನಲ್ಲಿ ಇದ್ದಂತೆಯೇ ಬರೆಯಿರಿ. ಫೋಟೊ ತೆಗೆದು ಗಂಡ ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಯಾವ ಕಚೇರಿಯಲ್ಲಿ ಹೆಸರು ಕೇಳಿದರೂ ಬಾಯಲ್ಲಿ ಹೇಳದೆ ಹಾಳೆ ತೋರಿಸಿ.

ನೋಂದಣಿಯ ವಿಷಯ ಚುಟುಕಾಗಿ. ಜನನ ನೋಂದಣಿಗೆ 21 ದಿನಗಳ ಗಡುವು. ಅಷ್ಟರಲ್ಲಿ ಹೆಸರು ಗಟ್ಟಿಯಾಗದಿದ್ದರೆ ಅವಸರದಲ್ಲಿ ಏನೋ ಒಂದು ಬರೆಸಬೇಡಿ, ಹೆಸರಿಲ್ಲದೆಯೇ ನೋಂದಾಯಿಸಬಹುದು. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ, ಅದು ಮೀರಿದರೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಅರ್ಜಿ ಕೊಡಬೇಕಾದ್ದು ಮಗು ಹುಟ್ಟಿದ ಊರಿನಲ್ಲಿ: ಹೆರಿಗೆ ಮಡಗಾಂವದಲ್ಲಾಗಿದ್ದರೆ ಕಾರವಾರ ನಗರಸಭೆಗೆ ಹೋಗಿ ಪ್ರಯೋಜನವಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲಕ್ಕೂ ಜನ್ಮದಿನಾಂಕದ ದಾಖಲೆ ಜನನ ಪ್ರಮಾಣಪತ್ರವೇ. ಅದು ಕೈಗೆ ಬಂದಾಗ ಕೌಂಟರಿನ ಮುಂದೆಯೇ ನಿಂತು ಹಾಳೆಯೊಡನೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ; ತಪ್ಪಿದ್ದರೆ ತಿದ್ದುಪಡಿಯ ಅರ್ಜಿಯನ್ನು ಅಂದೇ ಕೊಟ್ಟು ಬನ್ನಿ.