ಕಡವಿನ ದೋಣಿಯ ಎಂಜಿನ್ ಮತ್ತು ಥರ್ಮೋಸ್ಟಾಟ್ ದೋಷ: ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳನ್ನು ಹೇಳುವ ಸಂವಿಧಾನದ 11ನೆಯ ಅನುಸೂಚಿಯ 13ನೆಯ ಬಾಬಿನಲ್ಲಿ ರಸ್ತೆ, ಮೋರಿ, ಸೇತುವೆಗಳ ಸಾಲಿನಲ್ಲಿಯೇ ಕಡವು ಹಾಗೂ ಜಲಮಾರ್ಗಗಳೂ ಸೇರಿವೆ. ಆದರೂ ರಸ್ತೆಯ ಡಾಂಬರನ್ನು ಕೆದಕಿ ನೋಡುವ ನಾವು, ಕಡವಿನ ವಿಷಯ ಬಂದಾಗ ಹರಾಜಿನ ಮೊತ್ತವನ್ನಷ್ಟೇ ಕೇಳಿ ಎಂಜಿನ್ನಿನ ಗೊಡವೆಯನ್ನು ದೋಣಿಯವರಿಗೆ ಬಿಟ್ಟುಬಿಡುತ್ತೇವೆ. ಅಳಿವೆಯ ಸಮೀಪ ಇಳಿತದ ವೇಳೆಯಲ್ಲಿ ಎಂಜಿನ್ ನಿಂತರೆ ದೋಣಿಯು ಶಾಲೆಯ ಮಕ್ಕಳ ಸಹಿತ ಕಡಲಿನತ್ತ ಸೆಳೆಯಲ್ಪಡುತ್ತದೆ. ಎಂಜಿನ್ ಹೀಗೆ ನಿಲ್ಲಲು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಒಂದು ಬಿಡಿಭಾಗದ ದೋಷವೂ ಕಾರಣವಾಗಬಲ್ಲದು.

ಥರ್ಮೋಸ್ಟಾಟ್ ಎಂಬುದು ಎಂಜಿನ್ನನ್ನು ತಂಪುಗೊಳಿಸುವ ನೀರಿನ ದಾರಿಯಲ್ಲಿರುವ ಒಂದು ಬಾಗಿಲು. ಅದರೊಳಗಿನ ಮೇಣವು ಬಿಸಿಗೆ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುತ್ತದೆ. ತಣಿದಾಗ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಸಮುದ್ರದ ನೀರನ್ನೇ ನೇರವಾಗಿ ಹಾಯಿಸುವ ಎಂಜಿನ್ನುಗಳಲ್ಲಿ ಇದು ಸಾಮಾನ್ಯವಾಗಿ 50ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆಯುತ್ತದೆ. ಅದಕ್ಕಿಂತ ಹೆಚ್ಚು ಕಾದರೆ ನೀರಿನಲ್ಲಿ ಕರಗಿರುವ ಲವಣಗಳು ಬೇರ್ಪಟ್ಟು ಒಳದಾರಿಯಲ್ಲಿ ಗಟ್ಟಿಯಾದ ಹಳುಕು ಕಟ್ಟುತ್ತವೆ. ಸಿಹಿನೀರು ಒಳಗೇ ಸುತ್ತುವ ಡೀಸೆಲ್ ಎಂಜಿನ್ನುಗಳಲ್ಲಿ ಈ ಮಿತಿ 70 ಡಿಗ್ರಿಯನ್ನು ಮೀರಿರುವುದುಂಟು.

ಬಾಗಿಲು ಮುಚ್ಚಿದಂತೆಯೇ ಸಿಕ್ಕಿಕೊಂಡರೆ ಎಂಜಿನ್ ಕಾಯುತ್ತದೆ. ಇದು ಎಲ್ಲರ ಕಣ್ಣಿಗೆ ಬೀಳುವ ದೋಷ. ತೆರೆದಂತೆಯೇ ಸಿಕ್ಕಿಕೊಂಡರೆ ಎಂಜಿನ್ ಎಂದಿಗೂ ತಕ್ಕಷ್ಟು ಬಿಸಿಯಾಗದು. ನಾಡದೋಣಿಗಳ ಸೀಮೆಎಣ್ಣೆ ಎಂಜಿನ್ನುಗಳಿಗೆ ಇದು ವಿಶೇಷವಾಗಿ ಹಾನಿಕರ. ಅವನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಬಳಿಕ ಸೀಮೆಎಣ್ಣೆಗೆ ಹೊರಳಿಸುವುದು ಸೀಮೆಎಣ್ಣೆ ಆವಿಯಾಗಲು ಬಿಸಿ ಬೇಕೆಂಬ ಕಾರಣದಿಂದಲೇ. ತಣ್ಣನೆಯ ಎಂಜಿನ್ನಿನಲ್ಲಿ ಅದು ಅರೆಬರೆ ಉರಿದು ಹೊಗೆ ಕಾರುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಇಂಧನದ ವೆಚ್ಚವೂ ಏರುತ್ತದೆ.

ಇಲ್ಲಿಯೇ ಕರಾವಳಿಯ ಒಂದು ರೂಢಿಯನ್ನು ಹೇಳಲೇಬೇಕು. ಎಂಜಿನ್ ಕಾದೊಡನೆ ಥರ್ಮೋಸ್ಟಾಟನ್ನು ಕಿತ್ತೆಸೆದು, ‘ಇನ್ನು ತೊಂದರೆಯಿಲ್ಲ’ ಎನ್ನುವವರಿದ್ದಾರೆ. ಅದು ದುರಸ್ತಿಯಲ್ಲ. ಮೇಲೆ ಹೇಳಿದ ತಣ್ಣನೆಯ ದೋಷವನ್ನು ಅದು ಶಾಶ್ವತಗೊಳಿಸುತ್ತದೆ. ಕೆಲವು ಡೀಸೆಲ್ ಎಂಜಿನ್ನುಗಳಲ್ಲಂತೂ ನೀರು ತಣಿಯುವ ಭಾಗಕ್ಕೆ ಹೋಗದೆ ಅಡ್ಡದಾರಿಯಲ್ಲೇ ಸುತ್ತತೊಡಗಿ, ಭಾರ ಹೆಚ್ಚಾದಾಗ ಎಂಜಿನ್ ಮತ್ತಷ್ಟು ಕಾಯುತ್ತದೆ. ಬಿಲ್ಲಿನಲ್ಲಿ ‘ಥರ್ಮೋಸ್ಟಾಟ್ ತೆಗೆಯಲಾಗಿದೆ’ ಎಂದಷ್ಟೇ ಇದ್ದರೆ ಸದಸ್ಯರು ಹೊಸದನ್ನು ಯಾವಾಗ ಕೂರಿಸಲಾಯಿತೆಂದು ಕೇಳತಕ್ಕದ್ದು.

ಹಾಗೆಂದು ಕಾದ ಎಂಜಿನ್ನಿಗೆಲ್ಲ ಥರ್ಮೋಸ್ಟಾಟೇ ಕಾರಣವೆಂದೂ ತಿಳಿಯಬಾರದು. ನೀರೆಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲ ಅಥವಾ ಪಾಚಿ ಸಿಕ್ಕಿರುವುದು, ಪಂಪಿನ ರಬ್ಬರ್ ಚಕ್ರದ ಎಸಳು ಮುರಿದಿರುವುದು ಹೆಚ್ಚು ಸಾಮಾನ್ಯ. ಅವನ್ನು ಮೊದಲು ನೋಡಬೇಕು. ಹೊರಗೆ ಕಟ್ಟುವ ಎಂಜಿನ್ನಿನಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮುತ್ತಿದ್ದರೆ ಎಲ್ಲವೂ ಸರಿಯಿದೆಯೆಂದು ಹಲವರು ನಂಬುತ್ತಾರೆ. ಅನೇಕ ಎಂಜಿನ್ನುಗಳಲ್ಲಿ ಆ ಧಾರೆಯು ಥರ್ಮೋಸ್ಟಾಟನ್ನು ಹಾದು ಬರುವುದೇ ಇಲ್ಲ. ಪಂಪು ನಡೆಯುತ್ತಿದೆ ಎಂಬುದಕ್ಕಷ್ಟೇ ಅದು ಸಾಕ್ಷಿ.

ಥರ್ಮೋಸ್ಟಾಟಿನ ಪರೀಕ್ಷೆ ಸುಲಭ. ತಣಿದ ಎಂಜಿನ್ನಿನಿಂದ ಅದನ್ನು ಬಿಚ್ಚಿ, ದಾರದಲ್ಲಿ ಕಟ್ಟಿ, ನೀರಿನ ಪಾತ್ರೆಯಲ್ಲಿ ತಳಕ್ಕೆ ತಾಗದಂತೆ ಇಳಿಬಿಡಬೇಕು. ಪಕ್ಕದಲ್ಲಿ ಉಷ್ಣಮಾಪಕವಿರಲಿ, ಜ್ವರ ನೋಡುವಂಥದ್ದು ಒದಗದು, ಪ್ರೌಢಶಾಲೆಯ ಪ್ರಯೋಗಾಲಯದ್ದು ಸಾಕು. ನೀರನ್ನು ನಿಧಾನವಾಗಿ ಕಾಯಿಸಿದಾಗ, ಥರ್ಮೋಸ್ಟಾಟಿನ ಅಂಚಿನಲ್ಲಿ ಒತ್ತಿರುವ ಅಂಕಿಯ ಆಸುಪಾಸಿನಲ್ಲಿ ಬಾಗಿಲು ತೆರೆಯಲಾರಂಭಿಸಬೇಕು; ಇನ್ನೂ 10ರಿಂದ 15 ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು; ತಣಿಸಿದಾಗ ಸಂದಿಯಿಲ್ಲದೆ ಮುಚ್ಚಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅದೇ ಎಂಜಿನ್ನಿಗೆ ಹೇಳಿದ, ಅದೇ ಅಂಕಿಯ ಹೊಸದನ್ನು ಹೊಸ ಗ್ಯಾಸ್ಕೆಟ್ಟಿನೊಡನೆ ಹಾಕಿಸಬೇಕು. ಉಪ್ಪು ಕೆರೆದು ಹಳೆಯದನ್ನೇ ಕೂರಿಸುವ ಉಳಿತಾಯವು ಪ್ರಯಾಣಿಕರ ದೋಣಿಗೆ ಸಲ್ಲದು.

ನಡುನೀರಿನಲ್ಲಿ ಎಂಜಿನ್ ಕಾದರೆ ವೇಗ ತಗ್ಗಿಸಿ ಹತ್ತಿರದ ದಡಕ್ಕೆ ತಿರುಗಬೇಕು. ಕಾವು ಇಳಿಯದಿದ್ದರೆ ಲಂಗರು ಹಾಕಿ ಎಂಜಿನ್ ನಿಲ್ಲಿಸಬೇಕು. ಬಿಸಿ ಎಂಜಿನ್ನಿನ ಮೇಲೆ ಹೊಳೆಯ ನೀರೆರಚಿದರೆ ಲೋಹ ಬಿರಿಯಬಹುದು. ನೀರಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಎಂಜಿನ್ ಇದ್ದ ಮಾತ್ರಕ್ಕೆ ಲಂಗರನ್ನೂ ಹುಟ್ಟುಗಳನ್ನೂ ಮನೆಯಲ್ಲಿ ಬಿಟ್ಟು ಬರುವ ದೋಣಿಗೆ ಕಡವಿನಲ್ಲಿ ಅನುಮತಿ ಇರಬಾರದು.

ಮುಂದಿನ ಕಡವು ಹರಾಜಿನ ಷರತ್ತುಗಳನ್ನು ಸಭೆಯ ಮುಂದಿಡುವಾಗ, ಮಳೆಗಾಲಕ್ಕೆ ಮುನ್ನ ಹಾಗೂ ಅನಂತರ ಈ ಪರೀಕ್ಷೆಯನ್ನು ಸದಸ್ಯರೊಬ್ಬರ ಸಮಕ್ಷಮ ನಡೆಸಿ, ತೆರೆದ ಉಷ್ಣತೆಯನ್ನು ದಿನಾಂಕ ಸಹಿತ ವಹಿಯಲ್ಲಿ ಬರೆಯುವ ಷರತ್ತನ್ನು ಸೇರಿಸಬಹುದು. ದೋಣಿಯ ಪೆಟ್ಟಿಗೆಯಲ್ಲಿ ಒಂದು ಹೆಚ್ಚುವರಿ ಥರ್ಮೋಸ್ಟಾಟ್, ಒಂದು ಗ್ಯಾಸ್ಕೆಟ್ ಹಾಗೂ ಪಂಪಿನ ರಬ್ಬರ್ ಚಕ್ರ ಇವೆಯೇ ಎಂಬುದನ್ನೂ ಅದೇ ದಿನ ನೋಡಿಕೊಳ್ಳತಕ್ಕದ್ದು.