ಶಕ್ತಿಯರಿತ ತಪಸ್ಸು

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಶ್ರಾವಕ-ಶ್ರಾವಿಕೆಯರಲ್ಲಿ ನೀರನ್ನೂ ತ್ಯಜಿಸಿ ಉಪವಾಸ ಮಾಡುವವರುಂಟು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸು ‘ಶಕ್ತಿತಃ’ ಎಂದಿದೆ. ಅಂದರೆ ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು. ಆ ಶಕ್ತಿಯನ್ನು ಅರಿಯುವುದೆಂತು?

ಅದರ ಒಂದಂಶವನ್ನು ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ತಿಳಿಸುತ್ತದೆ. ಸ್ನಾಯುಗಳಲ್ಲಿ ಹುಟ್ಟುವ ಈ ಕಲ್ಮಷವನ್ನು ಮೂತ್ರಪಿಂಡಗಳು ಸೋಸಿ ಹೊರಹಾಕುತ್ತವೆ. ಅವು ಬಲಗುಂದಿದರೆ ಅದು ರಕ್ತದಲ್ಲಿ ಹೆಚ್ಚುತ್ತದೆ. ವಯಸ್ಕರಲ್ಲಿ ಪ್ರತಿ ಡೆಸಿಲೀಟರಿಗೆ ಸುಮಾರು 0.6ರಿಂದ 1.2 ಮಿಲಿಗ್ರಾಂ ಸಾಮಾನ್ಯ. ಆದರೆ ಕೃಶರಾದ ವೃದ್ಧರಲ್ಲಿ ಸ್ನಾಯು ಕಡಿಮೆಯಾದುದರಿಂದ, ಸೋಸುವ ಶಕ್ತಿ ಕುಂದಿದ್ದರೂ ಈ ಅಂಕಿ ಸರಿಯೆಂದೇ ತೋರಬಹುದು. ಆದಕಾರಣ ವಯಸ್ಸು, ಸ್ತ್ರೀ-ಪುರುಷಭೇದಗಳನ್ನು ಗಣಿಸಿ ತೆಗೆದ ‘ಇಜಿಎಫ್‌ಆರ್’ ಅಂಕಿಯನ್ನೂ ಕೇಳಬೇಕು. ಅದು ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಮೂತ್ರಪಿಂಡರೋಗವೆಂದು ವೈದ್ಯರು ಎಣಿಸುತ್ತಾರೆ. ನಿರ್ಜಲ ಉಪವಾಸದಲ್ಲಿ ಮೂತ್ರಪಿಂಡಗಳಿಗೆ ರಕ್ತಸಂಚಾರ ಇಳಿಯುತ್ತದೆ. ಮೊದಲೇ ದುರ್ಬಲವಾದವು ಇನ್ನಷ್ಟು ಕೆಡಬಹುದು.

ಮಧುಮೇಹ, ರಕ್ತದೊತ್ತಡವುಳ್ಳವರು ಪರ್ವಕ್ಕೆ ಮುನ್ನವೇ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ, ಅನಂತರ ನಿಯಮ ಸ್ವೀಕರಿಸುವುದು ಯುಕ್ತ. ಉಪವಾಸ ಸಲ್ಲದೆಂದರೆ ತಪಸ್ಸೇ ಸಲ್ಲದೆಂದಲ್ಲ. ಬಾಹ್ಯತಪಗಳು ಆರು, ಅನಶನ ಅವುಗಳಲ್ಲೊಂದು. ವೈದ್ಯರ ಸಮ್ಮತಿಯಿದ್ದರೆ ತುತ್ತು ತಗ್ಗಿಸುವ ಅವಮೌದರ್ಯವುಂಟು, ಉಪ್ಪು-ತುಪ್ಪ ಬಿಡುವ ರಸಪರಿತ್ಯಾಗವುಂಟು. ಸ್ವಾಧ್ಯಾಯವಂತೂ ಅಂತರಂಗ ತಪಸ್ಸೇ.

ಮನೆಯವರೆಲ್ಲ ಉಪವಾಸವಿರುವಾಗ ತಾನೊಬ್ಬಳೇ ಉಣ್ಣುವುದೆಂತೆಂದು ನಾಚಿ, ರೋಗವನ್ನು ಮುಚ್ಚಿಡುವ ಅಜ್ಜಿಗೆ ಈ ಮಾತನ್ನು ಮನೆಯವರೇ ತಿಳಿಯಹೇಳಬೇಕು; ಆಕೆಯ ತಟ್ಟೆಯನ್ನು ಆದರದಿಂದ ಬಡಿಸಬೇಕು.